ವಾರ್ಡ್ಲಾ ಕಾಲೇಜು, ಬಳ್ಳಾರಿ

ಬಳ್ಳಾರಿ ನಗರದ ಹಳೆಯ ಕ್ರೈಸ್ತ ಮಿಷನ್ ವಿದ್ಯಾಸಂಸ್ಥೆ. ಸುವಾರ್ತೆ ಸಾರಲು ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿ ನೆಲೆಸಿ, ಬೈಬಲನ್ನು ಕನ್ನಡಕ್ಕೆ ತಂದರು. ಮಿಷನ್ನಿನ ಅಚ್ಚುಕೂಟಕ್ಕೂ ಹೆಸರಿತ್ತು. 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಪತ್ರಿಕೆ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದು ಬಳ್ಳಾರಿಯಲ್ಲೇ.

ಕಾಲೇಜಿನ ಮೂಲ 1846ರಲ್ಲಿ ಜೆ. ಎಸ್. ವಾರ್ಡ್ಲಾ ತೆರೆದ ಶಾಲೆ. ಗ್ಲಾಸ್ಗೋದ ಹೆಸರಾಂತ ಬೋಧಕ ರಾಲ್ಫ್ ವಾರ್ಡ್ಲಾರ ಮಗನಾದ ಇವರು ಮುಂದೆ ವಿಶಾಖಪಟ್ಟಣದಲ್ಲಿದ್ದು ತೆಲುಗು ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದರು. 1891ರಲ್ಲಿ ಶಾಲೆ ದ್ವಿತೀಯ ದರ್ಜೆಯ ಕಾಲೇಜಾಯಿತು. ಎಫ್.ಎ. (ಫಸ್ಟ್ ಆರ್ಟ್ಸ್) ವರೆಗಿನ ಎರಡು ವರ್ಷದ ಓದು ಊರಲ್ಲೇ ಮುಗಿಯುತ್ತಿತ್ತು. ಪದವಿ ಬೇಕೆಂದವರು ಮದರಾಸಿನಂಥ ದೂರದ ಊರು ಹಿಡಿಯಬೇಕಿತ್ತು. ಆದೋನಿ, ರಾಯದುರ್ಗಗಳೂ ಸೇರಿದ್ದ ಅಂದಿನ ದೊಡ್ಡ ಜಿಲ್ಲೆಗೆ ಇದ್ದದ್ದು ಇದೊಂದೇ ಕಾಲೇಜು. ವೀರಶೈವ ಕಾಲೇಜು ಬಂದದ್ದು 1945ರಲ್ಲಿ.

ಮಿಷನ್ ಶಾಲೆಗಳಿಗೆ ಆಟವೂ ಪಾಠದ ಭಾಗವೇ. ಗಟ್ಟಿ ಮೈಯಿದ್ದರೆ ನಡತೆಯೂ ಗಟ್ಟಿ ಎಂಬ ವಿಕ್ಟೋರಿಯಾ ಕಾಲದ ನಂಬಿಕೆ ಅದರ ಹಿಂದಿತ್ತು. ಕಾಶ್ಮೀರದ ಮಿಷನ್ ಶಾಲೆಯಲ್ಲಿ ಟಿಂಡೇಲ್ ಬಿಸ್ಕೋ ಹುಡುಗರನ್ನು ಒತ್ತಾಯದಿಂದಲೇ ಫುಟ್‌ಬಾಲ್‌ಗೆ ಇಳಿಸಿದ್ದೂ ಇದೇ ನಂಬಿಕೆಯಿಂದ. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದ ಮೇಲೆ ದಕ್ಷಿಣದ ಶಾಲೆಗಳಿಗೆ ತರಬೇತಾದ ಡ್ರಿಲ್ ಮೇಷ್ಟ್ರುಗಳು ಸಿಗತೊಡಗಿದರು.

ವಾರ್ಡ್ಲಾದ ಕ್ರೀಡೆಯ ಮಾತು ಬಂದರೆ, ಗೆದ್ದ ಕಪ್ಪುಗಳಿಗಿಂತ ಅದರ ಮೈದಾನವೇ ದೊಡ್ಡ ಆಸ್ತಿ ಎನ್ನಬೇಕು. ಬೆಲೆ ಏರಿದ ನಗರದ ನಡುವೆ ಅಷ್ಟು ಬಯಲು ಉಳಿದಿರುವುದೇ ಹೆಚ್ಚು. ಆಟಕ್ಕೂ ಸಭೆ ಸಮಾರಂಭಕ್ಕೂ ಊರವರು ಅದನ್ನೇ ನೆಚ್ಚುತ್ತಾರೆ. ಸುತ್ತಲಿನ ಊರುಗಳಲ್ಲಿ ಆಟದ ನೆಲ ಅಷ್ಟು ಸುಲಭಕ್ಕೆ ಸಿಗದು. ಸಿರುಗುಪ್ಪ, ಕುರುಗೋಡು ಕಡೆಯದು ಎರೆ ನೆಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು; ಮಳೆ ಬಿತ್ತೋ, ಹೆಜ್ಜೆಗೊಂದು ಮುದ್ದೆ ಮಣ್ಣು ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಕಬಡ್ಡಿ ಅಂಕಣ ಮಾಡಬೇಕೆಂದರೆ ಮೊದಲು ಬೇರೆ ಮಣ್ಣು ಹೇರಿ, ನೀರು ಹೊಡೆದು, ಮಟ್ಟ ಮಾಡಿ, ಆಮೇಲೆ ಸುಣ್ಣದ ಗೆರೆ. ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅಭ್ಯಾಸವೆಲ್ಲ ಬೆಳಗಿನ ಜಾವ, ಇಲ್ಲವೇ ಹೊತ್ತಿಳಿದ ಮೇಲೆ.

1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಲಂಡನ್ ಮಿಷನ್ನಿನ ಚರ್ಚುಗಳು ಅದರಲ್ಲಿ ಸೇರಿದವು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಸಂಸ್ಥೆ ಈಗ ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತದ್ದು. ಆ ಹಂತದ ಮಕ್ಕಳಿಗೆ ಪಿಯು ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುತ್ತವೆ. ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ತರಬೇತಿ ಒಲಿಂಪಿಕ್ಸ್ ಮಟ್ಟದ್ದು. ಆದರೆ ಅಲ್ಲಿಗೆ ಆಯ್ಕೆಯಾದವರಿಗಷ್ಟೇ ಪ್ರವೇಶ.