ಲಿಖಿತ, ಭುಕ್ತಿ, ಸಾಕ್ಷಿ: ಅಣ್ಣಿಗೇರಿಯ ಶಾಸನಗಳೂ ಕಾನೂನು ವಿದ್ಯಾರ್ಥಿಯೂ

ವಾದಪತ್ರ, ಹಸ್ತಾಂತರಪತ್ರಗಳ ರಚನೆಯನ್ನು ಭಾರತೀಯ ವಕೀಲರ ಪರಿಷತ್ತು 2008ರ ನಿಯಮಗಳಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಕಡ್ಡಾಯಗೊಳಿಸಿತು. ಈ ಶಿಸ್ತು ಕನ್ನಡನಾಡಿಗೆ ಹೊಸದಲ್ಲ.

ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯವು ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರು ಪ್ರಮಾಣಗಳನ್ನು ಹೇಳುತ್ತದೆ. ಒಡೆಯನು ಕಂಡೂ ಸುಮ್ಮನಿರಲು ಪರರು 20 ವರ್ಷ ಅನುಭವಿಸಿದ ಭೂಮಿಯು ಅವನಿಗೆ ನಷ್ಟವಾಗುವುದೆಂಬ ವಚನವೂ ಅಲ್ಲಿದೆ. ವಿಜ್ಞಾನೇಶ್ವರನು ಅದನ್ನು ಇದ್ದಂತೆಯೇ ಒಪ್ಪಲಿಲ್ಲ. ಪೂರ್ವಪಕ್ಷಗಳನ್ನು ಪರೀಕ್ಷಿಸಿ, ನಷ್ಟವಾಗುವುದು ಫಲವೇ ಹೊರತು ಭೂಮಿಯಲ್ಲವೆಂದು ನಿರ್ಣಯಿಸಿದನು. 1963ರ ಕಾಲಮಿತಿ ಅಧಿನಿಯಮವಾದರೋ, 12 ವರ್ಷಗಳ ಪ್ರತಿಕೂಲ ಸ್ವಾಧೀನದಿಂದ ಒಡೆತನವೇ ಅಳಿಯುವುದೆನ್ನುತ್ತದೆ.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಚಾಲುಕ್ಯ ಶಾಸನಗಳು 'ಲಿಖಿತ'ಕ್ಕೆ ನಮ್ಮ ನೆರೆಯ ನಿದರ್ಶನಗಳು. ದಾನಶಾಸನದ ಕ್ರಮವೇ ಒಂದು ಪಾಠ: ಅರಸು, ಕಾಲ, ದಾನಿ, ದತ್ತಭೂಮಿ, ಅದರ ಎಲ್ಲೆ, ಕೊನೆಗೆ ಅಳಿದವನಿಗೆ ಶಾಪ. ನವಲಗುಂದ, ಕುಂದಗೋಳಗಳ ಎರೆಹೊಲದ ವ್ಯಾಜ್ಯದಲ್ಲಿ ಒಂದು ಎಲ್ಲೆಯನ್ನು ತಪ್ಪಿ ಬರೆದರೆ ಒಂದು ಮನೆತನದ ಅನ್ನಕ್ಕೇ ಕುಂದು ಬಂದೀತು. ಆದುದರಿಂದ ವಿದ್ಯಾರ್ಥಿಯು ವಿಜ್ಞಾನೇಶ್ವರನಿಂದ ವಿಮರ್ಶೆಯನ್ನೂ ಶಾಸನಕವಿಯಿಂದ ಖಚಿತತೆಯನ್ನೂ ಕಲಿಯತಕ್ಕದ್ದು.