ಕ್ಯಾಸೆಟ್ಟಿನಲ್ಲಿ ಉಳಿದ ಭದ್ರಾವತಿ

ಅಟ್ಟದ ಮೇಲಿರೋ ಮದುವೆ ಕ್ಯಾಸೆಟ್ಟನ್ನು ಒಮ್ಮೆ ಇಳಿಸಿ ನೋಡಿ. ಆ ಟೇಪಿನಲ್ಲಿ ಚಿತ್ರ ಹಿಡಿದಿಟ್ಟಿರೋದು ಏನು ಗೊತ್ತಾ? ಕಬ್ಬಿಣದ ಆಕ್ಸೈಡ್. ಅಂದ್ರೆ ತುಕ್ಕಿನ ಜಾತಿಯದೇ ಪುಡಿ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ನೆನಪೂ ಕಬ್ಬಿಣದಲ್ಲೇ ಕೂತಿದೆ!

1976ರಲ್ಲಿ ಜಪಾನಿನಲ್ಲಿ ವಿಎಚ್‌ಎಸ್ ಬಂತು. ಕೊನೆಗೆ ಉಳಿದಿದ್ದ ಫುನಾಯ್ ಕಂಪನಿಯೂ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಇತ್ತ ಮಲೆನಾಡಿನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತೆ. ಮೂರು ಗಂಟೆಯ ಟೇಪು ಡಿಜಿಟಲ್ ಆಗೋಕೆ ಮೂರು ಗಂಟೆ ಓಡಲೇಬೇಕು, ಅವಸರ ನಡೆಯಲ್ಲ. ಡಿವಿಡಿಗೆ ಹಾಕಿಸಿ ಸುಮ್ಮನಾಗಬೇಡಿ. ಅದೂ ಹಾಳಾಗುತ್ತೆ, ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ.

ಇದು ಬರೀ ಮನೆ ವಿಷಯ ಅಲ್ಲ. ಕಾಗದ ಕಾರ್ಖಾನೆ ನಿಂತುಹೋಗಿದೆ. ಉಕ್ಕಿನ ಕಾರ್ಖಾನೆಗೆ ನೂರು ವರ್ಷ ತುಂಬುವಾಗಲೇ, 2023ರಲ್ಲಿ, ಮುಚ್ಚುವ ತೀರ್ಮಾನ ಬಂತು. ಎಷ್ಟು ಟನ್ ಉತ್ಪಾದನೆ ಅನ್ನೋದು ಕಡತದಲ್ಲಿ ಸಿಗುತ್ತೆ. ಪಾಳಿ ಮುಗಿಸಿ ಬಂದು ಕ್ವಾರ್ಟರ್ಸ್ ಮುಂದಿನ ಚಪ್ಪರದಡಿ ಊಟ ಬಡಿಸಿದ ಕಾರ್ಮಿಕರ ಮುಖ? ಅದು ಈ ಟೇಪುಗಳಲ್ಲಷ್ಟೇ.

1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಪಕ್ಕದ ಶಂಕರಘಟ್ಟದಲ್ಲೇ ಇದೆ. ಅಲ್ಲೊಂದು ಹಳೇ ವಿಸಿಆರ್, ಒಂದು ಕಂಪ್ಯೂಟರ್ ಇಟ್ಟು ಜನರನ್ನು ಕರೆದರೂ ಸಾಕು, ಒಂದು ಊರಿನ ಚರಿತ್ರೆ ಉಳಿಯುತ್ತೆ. ಮಳೆಗಾಲ ಯಾರಿಗೂ ಕಾಯಲ್ಲ.