ಕೊಸರು ಯಾರಿಗೆ ಸಲ್ಲಬೇಕು? ಅಂತರ್ಜಾಲ ವ್ಯಾಪಾರದಲ್ಲಿ ಮೇಲ್ಮಾರಾಟದ ಬೆಳವಣಿಗೆ

ಹಿರಿಯೂರಿನಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ, ಮಳೆಯ ಕೊರತೆಯನ್ನು ತಲೆತಲಾಂತರದಿಂದ ಸಹಿಸಿಕೊಂಡು, ಶೇಂಗಾ ಬೆಳೆಯನ್ನೂ ಎಣ್ಣೆಮಿಲ್ಲುಗಳನ್ನೂ ಆಶ್ರಯಿಸಿ ಬೆಳೆದ ಚಳ್ಳಕೆರೆಯ ಪೇಟೆಯಲ್ಲಿ, ನಾಡಿನ ಉಳಿದ ಪೇಟೆಗಳಲ್ಲಿರುವಂತೆಯೇ, ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಡೆದುಬಂದ ಒಂದು ಸಂಪ್ರದಾಯವುಂಟು. ಅದಕ್ಕೆ ಕೊಸರು ಎಂದು ಹೆಸರು. ಸೇರು ಅಳೆದಾದ ಮೇಲೆ ಬೊಗಸೆಯಲ್ಲಿ ಮತ್ತಷ್ಟು ಶೇಂಗಾ, ತೂಕ ಮುಗಿದ ಮೇಲೆ ಚೀಲಕ್ಕೆ ಬೀಳುವ ಒಂದು ಹಿಡಿ ಹಸಿಮೆಣಸಿನಕಾಯಿ: ಬೆಲೆಗೆ ಹೊರತಾಗಿ ಅಂಗಡಿಯಿಂದ ಗಿರಾಕಿಯ ಕಡೆಗೆ ಹರಿಯುವ ಈ ಅಲ್ಪದಾನದಲ್ಲಿ ನಾಳೆಯೂ ಇಲ್ಲಿಗೇ ಬಾ ಎಂಬ ಕರೆ ಅಡಗಿರುತ್ತದೆ. ಅಂತರ್ಜಾಲದ ಅಂಗಡಿಯಲ್ಲಿ ಈ ಕೊಸರಿನ ದಿಕ್ಕು ತಿರುಗಿದೆ. ಬೇಕಾದುದನ್ನು ಆರಿಸಿ, ಲೆಕ್ಕ ಮುಗಿಸಿ, ಹಣ ಸಲ್ಲಿಸಹೊರಟ ಗಿರಾಕಿಯ ಮುಂದೆ ಅಂಗಡಿಯೇ ಕೈಯೊಡ್ಡಿ ನಿಂತು, ಇನ್ನೂ ಸ್ವಲ್ಪ ಮೇಲಿನದನ್ನು ಕೊಳ್ಳು, ಇದರೊಡನೆ ಅದನ್ನೂ ಸೇರಿಸು ಎಂದು ಕೇಳುತ್ತದೆ. ವಾಣಿಜ್ಯದವರು ಅಪ್‌ಸೆಲ್ಲಿಂಗ್ ಎಂದು ಕರೆಯುವ ಈ ವಿದ್ಯೆಯನ್ನು ಮೇಲ್ಮಾರಾಟವೆಂದೂ, ಅದರ ಸೋದರವಿದ್ಯೆಯಾದ ಕ್ರಾಸ್‌ಸೆಲ್ಲಿಂಗನ್ನು ಜೊತೆಮಾರಾಟವೆಂದೂ ನಾವು ಕರೆಯಬಹುದು. ಇವೆರಡೂ ಹೇಗೆ ಹುಟ್ಟಿ ಹೇಗೆ ಬೆಳೆದುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೇಲ್ಮಾರಾಟವು ತನ್ನಷ್ಟಕ್ಕೆ ದೋಷವಲ್ಲವೆಂಬುದನ್ನು ಮೊದಲಿಗೇ ಒಪ್ಪತಕ್ಕದ್ದು. ಚಳ್ಳಕೆರೆಯ ಕಂಬಳಿಯ ವ್ಯಾಪಾರದಲ್ಲಿ, ಅಗ್ಗದ ಕಂಬಳಿಗೆ ಕೈಹಾಕಿದ ರೈತನಿಗೆ, "ಅದು ಬ್ಯಾಡ ಯಜಮಾನ್ರೆ, ಇದನ್ನ ನೋಡ್ರಿ, ನೂಲು ಬಿಗಿ ಐತೆ, ಮಳೆಗೂ ತಡೀತೈತೆ" ಎಂದು ಮಾರುವವನು ಬೇರೊಂದನ್ನು ಬಿಡಿಸಿ ತೋರಿಸುವುದೂ ಮೇಲ್ಮಾರಾಟವೇ. ಆದರೆ ಅಲ್ಲಿ ರೈತನು ಕಂಬಳಿಯನ್ನು ಹಿಂಡಿ ನೋಡುತ್ತಾನೆ, ಹುಣಸೆಬೀಜದ ಗಂಜಿ ಎಷ್ಟು ಹತ್ತಿದೆಯೆಂದು ಬೆರಳಿನಿಂದ ತಿಳಿಯುತ್ತಾನೆ, ಎರಡನ್ನೂ ಹೆಗಲ ಮೇಲೆ ಹಾಕಿಕೊಂಡು ತೂಗುತ್ತಾನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವಿಷಯದಲ್ಲಂತೂ ಈ ಮಾತು ಇನ್ನೂ ಹೆಚ್ಚು ಸತ್ಯ. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವನ್ನು ಪಡೆದು, ಹೂವು ಹಣ್ಣು ಪ್ರಾಣಿಗಳ ಆಕೃತಿಗಳನ್ನು ತನ್ನ ಒಡಲಿನಲ್ಲಿ ತಾಳಿ, ಮುಂದೆ ಭೌಗೋಳಿಕ ಸೂಚಕದ ನೋಂದಣಿಯನ್ನೂ ಗಳಿಸಿದ ಈ ಸೀರೆಯನ್ನು ತೋರಿಸುವಾಗ, ಒಂದರ ಬೆಲೆಗೂ ಅದರ ಮೇಲಿನದರ ಬೆಲೆಗೂ ಇರುವ ಅಂತರವನ್ನು ನೇಕಾರನು ಎಳೆಯೆಳೆಯಾಗಿ ಬಿಡಿಸಿ ಹೇಳಬಲ್ಲನು: ರೇಷ್ಮೆ ಇಷ್ಟು, ಜರಿ ಇಂಥದು, ಬುಟ್ಟ ಇಷ್ಟು, ಮಗ್ಗದ ಮೇಲೆ ಕಳೆದ ದಿನಗಳು ಇಷ್ಟು. ಬೆಲೆಯೊಂದು ಮೆಟ್ಟಿಲು ಏರಿದರೆ ಕೊಳ್ಳುವವಳ ತಿಳಿವಳಿಕೆಯೂ ಒಂದು ಮೆಟ್ಟಿಲು ಏರುತ್ತದೆ. ಈ ವಿದ್ಯೆಯ ಸಮಸ್ತ ಚರಿತ್ರೆಯನ್ನೂ ಒರೆಗೆ ಹಚ್ಚಲು ಇದೊಂದೇ ಕಲ್ಲು ಸಾಕು.

ದೂರದ ಗಿರಾಕಿಗೆ ಮಾರುವ ಪದ್ಧತಿ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಸರಕು ಕೈಸೇರುವಾಗ ಹಣ ತೆರುವ ಅಂಚೆಯ ವಿ.ಪಿ.ಪಿ. ಮೂಲಕ ಪುಸ್ತಕ, ಔಷಧ, ಗಡಿಯಾರಗಳು ಹಳ್ಳಿಯ ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ, ವ್ಯಾಪಾರಿಯ ಬೆಲೆಪಟ್ಟಿಯು ಪಾರ್ಸೆಲ್ಲಿನ ಜೊತೆಯಲ್ಲೇ ಬಂದು ಮುಂದಿನ ಖರೀದಿಗೆ ಆಹ್ವಾನವೀಯುತ್ತಿತ್ತು. ಆದರೆ ಆ ಪಟ್ಟಿಯು ಎಲ್ಲರಿಗೂ ಒಂದೇ ಆಗಿತ್ತು. ಓದುವವನು ಯಾರು, ಅವನು ಹಿಂದೆ ಏನನ್ನು ಕೊಂಡನು, ಯಾವ ಪುಟದಲ್ಲಿ ಎಷ್ಟು ಹೊತ್ತು ಕಣ್ಣು ನಿಲ್ಲಿಸಿದನು ಎಂಬುದನ್ನು ಅದು ಅರಿಯದು. ಅರಿಯುವ ಯಂತ್ರವು ರೂಪುಗೊಂಡುದು 20ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ.

ಆ ಯಂತ್ರಕ್ಕೆ ಬೇಕಾದ ಜ್ಞಾನವು ಎರಡು ದಿಕ್ಕುಗಳಿಂದ ಹರಿದುಬಂದಿತು. ಮನಶ್ಶಾಸ್ತ್ರದ ಕಡೆಯಿಂದ, 1982ರಲ್ಲಿ ಜೋಯಲ್ ಹ್ಯೂಬರ್, ಜಾನ್ ಪೇನ್, ಕ್ರಿಸ್ಟೋಫರ್ ಪ್ಯೂಟೊ ಎಂಬ ಮೂವರು ವಿದ್ವಾಂಸರು, ಎರಡು ಪದಾರ್ಥಗಳ ನಡುವೆ ತೂಗಾಡುತ್ತಿರುವ ಗಿರಾಕಿಯ ಮುಂದೆ, ಅವುಗಳಲ್ಲೊಂದಕ್ಕಿಂತ ಸ್ಪಷ್ಟವಾಗಿ ಕೀಳಾದ ಮೂರನೆಯದನ್ನು ತಂದಿಟ್ಟರೆ ಅವನ ಮನಸ್ಸು ಆ ಮೇಲಾದುದರತ್ತಲೇ ವಾಲುವುದೆಂದು ತೋರಿಸಿಕೊಟ್ಟರು. ಮೂರು ದರ್ಜೆಯ ಚಂದಾಗಳನ್ನು ಸಾಲಾಗಿ ನಿಲ್ಲಿಸುವ ಇಂದಿನ ಪದ್ಧತಿಯಲ್ಲಿ, ಒಂದು ದರ್ಜೆಯು ಮಾರಾಟಕ್ಕಲ್ಲದೆ ಹೋಲಿಕೆಗಾಗಿಯೇ ನಿಂತಿರುವುದುಂಟು. ಗಣಿತದ ಕಡೆಯಿಂದ, 1993ರಲ್ಲಿ ರಾಕೇಶ್ ಅಗ್ರವಾಲ್ ಮತ್ತು ಅವರ ಸಹೋದ್ಯೋಗಿಗಳು, ಲಕ್ಷೋಪಲಕ್ಷ ಬಿಲ್ಲುಗಳ ರಾಶಿಯಿಂದ ಯಾವ ಸಾಮಾನಿನೊಡನೆ ಯಾವುದು ಮಾರಾಟವಾಗುವುದೆಂಬ ನಿಯಮಗಳನ್ನು ಹೆಕ್ಕುವ ವಿಧಾನವನ್ನು ಪ್ರಕಟಿಸಿದರು. ಚಳ್ಳಕೆರೆಯ ಕಿರಾಣಿ ಅಂಗಡಿಯೊಂದರ 1000 ಬಿಲ್ಲುಗಳಲ್ಲಿ 100ರಲ್ಲಿ ಶೇಂಗಾ ಎಣ್ಣೆಯಿದ್ದು, ಆ 100ರ ಪೈಕಿ 60ರಲ್ಲಿ ಬೆಲ್ಲವೂ ಇತ್ತೆಂದು ಭಾವಿಸೋಣ. ಎಣ್ಣೆ ಕೊಂಡವನಿಗೆ ಬೆಲ್ಲವನ್ನು ಸೂಚಿಸಬಹುದೆಂಬ ನಿಯಮವು ಶೇಕಡಾ 60ರ ವಿಶ್ವಾಸದೊಡನೆ ಸಿದ್ಧವಾಯಿತು. ಅನುಭವಿ ಶೆಟ್ಟರ ತಲೆಯಲ್ಲಿದ್ದ ಅರಿವು ಈಗ ಲೆಕ್ಕದ ಪುಸ್ತಕಕ್ಕೆ ಇಳಿದಿತ್ತು.

ಇದೇ ಕಾಲದಲ್ಲಿ, ಸಮಾನರುಚಿಯುಳ್ಳವರ ಆಯ್ಕೆಯಿಂದ ಒಬ್ಬನ ಆಯ್ಕೆಯನ್ನು ಊಹಿಸುವ ಬೇರೊಂದು ಮಾರ್ಗವು ತೆರೆಯಿತು. 1992ರಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದ ಟ್ಯಾಪೆಸ್ಟ್ರಿ, 1994ರಲ್ಲಿ ಗ್ರೂಪ್‌ಲೆನ್ಸ್ ಎಂಬ ಯೋಜನೆಗಳು ಓದುಗರಿಗೆ ಓದತಕ್ಕುದನ್ನು ಸೂಚಿಸುವ ನಿರಪಾಯ ಉದ್ದೇಶದಿಂದಲೇ ಹುಟ್ಟಿದುವು. ಈ ಮಾರ್ಗವನ್ನು ವಾಣಿಜ್ಯದ ಮಹಾಸಾಧನವನ್ನಾಗಿ ಮಾರ್ಪಡಿಸಿದ ಕೀರ್ತಿ ಅಮೆಜಾನ್‌ಗೆ ಸಲ್ಲಬೇಕು. ಕೋಟ್ಯಂತರ ಗಿರಾಕಿಗಳನ್ನು ಒಬ್ಬರೊಡನೊಬ್ಬರನ್ನು ಹೋಲಿಸಹೊರಟರೆ ಲೆಕ್ಕವು ಮುಗಿಯುವಂತಿರಲಿಲ್ಲ. ಆದ್ದರಿಂದ ಗ್ರೆಗ್ ಲಿಂಡೆನ್, ಬ್ರೆಂಟ್ ಸ್ಮಿತ್, ಜೆರೆಮಿ ಯಾರ್ಕ್ ಎಂಬ ಅಲ್ಲಿಯ ತಂತ್ರಜ್ಞರು ಗಿರಾಕಿಗಳನ್ನು ಬಿಟ್ಟು ಸಾಮಾನುಗಳನ್ನೇ ಪರಸ್ಪರ ಹೋಲಿಸಿ, ಕೋಷ್ಟಕವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡುವ ಉಪಾಯವನ್ನು ಕೈಗೊಂಡು, 2003ರಲ್ಲಿ ಅದರ ವಿವರಗಳನ್ನು ಲೋಕಕ್ಕೆ ತಿಳಿಸಿದರು. 2006ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಊಹೆಯನ್ನು ಶೇಕಡಾ 10ರಷ್ಟು ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನವನ್ನು ಘೋಷಿಸಿ 2009ರಲ್ಲಿ ಅದನ್ನು ಕೊಟ್ಟದ್ದು, ಊಹೆಯೆಂಬುದು ಎಷ್ಟು ಬೆಲೆಯುಳ್ಳ ಸರಕಾಯಿತೆಂಬುದಕ್ಕೆ ಸಾಕ್ಷಿ.

ಕರ್ನಾಟಕದಲ್ಲಿ ಈ ವಿದ್ಯೆಗೆ ಬೆಂಗಳೂರೇ ಹೆಬ್ಬಾಗಿಲಾಯಿತು. 2006ರಲ್ಲಿ ಬಸ್ಸಿನ ಟಿಕೆಟ್ಟಿಗಾಗಿ ರೆಡ್‌ಬಸ್, 2007ರಲ್ಲಿ ಮಿಂತ್ರಾ ಹಾಗೂ ಪುಸ್ತಕಗಳಿಂದ ಆರಂಭಿಸಿದ ಫ್ಲಿಪ್‌ಕಾರ್ಟ್, 2015ರಲ್ಲಿ ಮೀಶೋ ಅಲ್ಲಿ ಕಣ್ದೆರೆದುವು. 2016ರಲ್ಲಿ ಯುಪಿಐ ವ್ಯವಸ್ಥೆಯೂ ಅಗ್ಗದ ಡೇಟಾವೂ ಏಕಕಾಲಕ್ಕೆ ಒದಗಿಬಂದ ತರುವಾಯ, ಮೊಳಕಾಲ್ಮೂರಿನ ಓಣಿಯಲ್ಲಿ ಕುಳಿತ ಗೃಹಿಣಿಯೂ ಆ ಹೆಬ್ಬಾಗಿಲಿನ ಒಳಗೇ ನಿಂತಂತಾಯಿತು. ಪುಸ್ತಕದ ಜೊತೆಗೆ ಪುಸ್ತಕವನ್ನು ಸೂಚಿಸುತ್ತಿದ್ದ ವಿನಯಶೀಲ ಸಾಲು, ಕ್ರಮೇಣ ಮೊಬೈಲಿನ ಜೊತೆಗೆ ಕವಚ, ಕವಚದ ಜೊತೆಗೆ ವಿಮೆ, ಟಿಕೆಟ್ಟಿನ ಜೊತೆಗೆ ಪ್ರಯಾಣರಕ್ಷೆ ಎಂದು ಬೆಳೆಯಿತು.

ಸೂಚನೆಯು ಒತ್ತಾಯವಾಗಿ, ಒತ್ತಾಯವು ಕಪಟವಾಗಿ ಇಳಿಯಲು ಬಹಳ ಕಾಲ ಹಿಡಿಯಲಿಲ್ಲ. ಗಿರಾಕಿಯು ಕೇಳದಿದ್ದರೂ ಮೊದಲೇ ಗುರುತು ಹಾಕಿಟ್ಟ ಚೌಕ, ಇನ್ನೆರಡೇ ಉಳಿದಿವೆಯೆಂಬ ಸುಳ್ಳು ಅವಸರ, ವಿಮೆ ಬೇಡವೆನ್ನುವವನನ್ನು ತನ್ನ ಕುಟುಂಬದ ಕ್ಷೇಮವನ್ನೇ ಲೆಕ್ಕಿಸದವನೆಂದು ನಾಚಿಸುವ ವಾಕ್ಯ, ಸೇರಲು ಒಂದೇ ಹೆಜ್ಜೆ ಬಿಡಲು ಹತ್ತು ಹೆಜ್ಜೆಯೆಂಬ ಚಂದಾ: ಇವಕ್ಕೆಲ್ಲ 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬಾತನು ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟನು. ಕತ್ತಲೆಯ ವಿನ್ಯಾಸಗಳೆಂಬ ಈ ಹೆಸರು ಅನ್ವರ್ಥವೇ ಸರಿ. ಏತಕ್ಕೆಂದರೆ ಇಲ್ಲಿ ಬೆಲೆಯು ಏರುವುದು ಗಿರಾಕಿಯ ತಿಳಿವಳಿಕೆಯೊಡನಲ್ಲ, ಅವನ ಅರಿವುಗೇಡಿನೊಡನೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರೊಬ್ಬರು ಇಂಗ್ಲಿಷಿನ ಸಣ್ಣಕ್ಷರಗಳ ನಡುವೆ ಈ ಚೌಕವನ್ನು ಗುರುತಿಸಲಾರದೆ ನೂರಿನ್ನೂರು ರೂಪಾಯಿ ಹೆಚ್ಚಾಗಿ ತೆತ್ತರೆ, ಅದನ್ನು ಜಾಣ ವ್ಯಾಪಾರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ತಕ್ಕಡಿಯ ಕೆಳಗೆ ಬೆರಳಿಟ್ಟಂತೆಯೇ.

ಶಾಸನವು ತಡವಾಗಿಯಾದರೂ ಎಚ್ಚತ್ತಿತು. ಯುರೋಪಿನ ಒಕ್ಕೂಟವು ಮೊದಲೇ ಗುರುತು ಹಾಕಿದ ಚೌಕಗಳನ್ನು 2011ರ ನಿರ್ದೇಶನದಿಂದಲೇ ತಡೆದಿತ್ತು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಅನುಸರಿಸಿ, 2020ರ ಜುಲೈ 23ರಂದು ಹೊರಟ ಇ-ಕಾಮರ್ಸ್ ನಿಯಮಗಳು, ಗಿರಾಕಿಯ ಒಪ್ಪಿಗೆಯು ಅವನ ಸ್ಪಷ್ಟ ಕ್ರಿಯೆಯಿಂದಲೇ ವ್ಯಕ್ತವಾಗಬೇಕೆಂದು ವಿಧಿಸಿದುವು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು; ಗಿರಾಕಿಗೆ ತಿಳಿಯದಂತೆ ಬುಟ್ಟಿಗೆ ಸಾಮಾನು ಸೇರಿಸುವುದೂ, ಸುಳ್ಳು ಅವಸರವೂ, ಚಂದಾದ ಬಲೆಯೂ ಅವುಗಳಲ್ಲಿ ಸೇರಿವೆ. ಮೋಸಹೋದವರು 1915 ಎಂಬ ಸಹಾಯವಾಣಿಗೆ ದೂರು ಹೇಳಿಕೊಳ್ಳಬಹುದು. ಇಷ್ಟಾದರೂ ಶಾಸನವು ಕಪಟವನ್ನು ತಡೆಯಬಲ್ಲುದಲ್ಲದೆ ವಿವೇಕವನ್ನು ಹುಟ್ಟಿಸಲಾರದು.

ಆ ವಿವೇಕದ ಕೊರತೆಯು ಮೊಳಕಾಲ್ಮೂರಿನ ನೇಕಾರನಿಗೆ ತಟ್ಟುವ ರೀತಿಯೇ ಬೇರೆ. ಯಂತ್ರಕ್ಕೆ ಗೊತ್ತಿರುವ ಸಾದೃಶ್ಯವು ಕಣ್ಣಿನದು ಮತ್ತು ಬೆರಳಿನದು: ಚಿತ್ರಗಳು ಹೋಲುತ್ತವೆಯೇ, ಇದನ್ನು ಒತ್ತಿದವರು ಅದನ್ನೂ ಒತ್ತಿದರೇ? ಆದ್ದರಿಂದ ಕೈಮಗ್ಗದ ರೇಷ್ಮೆ ಸೀರೆಯ ಚಿತ್ರದ ಕೆಳಗೆ, ಅದೇ ಬಣ್ಣದ, ಅದೇ ಅಂಚಿನ, ಪಾಲಿಯೆಸ್ಟರ್ ನೂಲಿನ ಪವರ್‌ಲೂಮ್ ಸೀರೆಯು ಹತ್ತನೆಯ ಒಂದು ಪಾಲಿನ ಬೆಲೆ ಹೊತ್ತು ಅಕ್ಕತಂಗಿಯಂತೆ ಬಂದು ನಿಲ್ಲಬಹುದು. ಮೊದಲನೆಯದು ಏಕೆ ಹೆಚ್ಚು ಬೆಲೆಯದೆಂದು ಹೇಳುವವರು ಅಲ್ಲಿಲ್ಲದಿದ್ದರೆ, ಗಿರಾಕಿಯು ಕೆಳಗಿಳಿಯುತ್ತಾಳೆ. ನ್ಯಾಯವಾಗಿ ಮೇಲ್ಮಾರಾಟಕ್ಕೆ ಅರ್ಹವಾದ ವಸ್ತುವೇ ಸೋಲುತ್ತದೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ಭೌಗೋಳಿಕ ಸೂಚಕದ ನೋಂದಣಿ, ಇವೆಲ್ಲ ಆ ವಿವರಣೆಯ ಸಂಕ್ಷಿಪ್ತ ರೂಪಗಳೇ. ಸೂಚಿಸುವ ಯಂತ್ರವು ಚಿತ್ರವನ್ನಲ್ಲದೆ ಈ ಗುರುತುಗಳನ್ನೂ ಓದಿ, ಇದು ಕೈಮಗ್ಗ, ಅದು ಯಂತ್ರಮಗ್ಗ, ಅಂತರಕ್ಕೆ ಕಾರಣ ಇದು ಎಂದು ಕನ್ನಡದಲ್ಲಿಯೇ ಬರೆದು ತೋರಿಸುವಂತೆ ಮಾಡುವುದಕ್ಕೆ ಇಂದಿನ ತಂತ್ರಜ್ಞಾನದಲ್ಲಿ ಯಾವ ಅಡ್ಡಿಯೂ ಇಲ್ಲ. ಬೇಕಾದುದು ಸಂಕಲ್ಪ ಮಾತ್ರ.

ಮಾರುವವನ ಮಾತಿನಿಂದ ಬೆಲೆಪಟ್ಟಿಗೆ, ಅಲ್ಲಿಂದ ಬಿಲ್ಲಿನ ರಾಶಿಗೆ, ರಾಶಿಯಿಂದ ಕೋಷ್ಟಕಕ್ಕೆ ಸಾಗಿಬಂದ ಈ ವಿದ್ಯೆಯು, ಗಿರಾಕಿಯ ವಿಷಯದಲ್ಲಿ ಅಂಗಡಿಗೆ ಇರುವ ಜ್ಞಾನವನ್ನು ಅಪಾರವಾಗಿ ಬೆಳೆಸಿತೇ ಹೊರತು, ಸರಕಿನ ವಿಷಯದಲ್ಲಿ ಗಿರಾಕಿಗೆ ಇರುವ ಜ್ಞಾನವನ್ನು ಬೆಳೆಸಲಿಲ್ಲ. ಮೊಳಕಾಲ್ಮೂರಿನಲ್ಲಿ ಸೀರೆಯನ್ನು ಬಲ್ಲ ಹೆಂಗಸು ಕೊಳ್ಳುವ ಮೊದಲು ಸೆರಗನ್ನು ಮಗುಚಿ ಹಿಂಬದಿಯನ್ನು ನೋಡುತ್ತಾಳೆ. ಬುಟ್ಟದ ಎಳೆಗಳು ಹೇಗೆ ನಿಂತಿವೆ, ಅಂಚು ಒಡಲಿಗೆ ಹೇಗೆ ಕೂಡಿದೆ ಎಂಬುದು ಅಲ್ಲಿ ಕಾಣುತ್ತದೆ. ನೇಕಾರನೂ ಅವಳು ಕೇಳುವ ಮೊದಲೇ ಅದನ್ನು ಮಗುಚಿ ಹಿಡಿಯುತ್ತಾನೆ. ಅಂತರ್ಜಾಲದ ಅಂಗಡಿಯು ಹೆಚ್ಚಿನ ಬೆಲೆಯನ್ನು ಕೇಳಲಿ, ತಪ್ಪಿಲ್ಲ; ಆದರೆ ಕೇಳುವ ಮೊದಲು ಸರಕಿನ ಹಿಂಬದಿಯನ್ನು ಮಗುಚಿ ತೋರಿಸಲಿ. ಹಣಕ್ಕೆ ಹೊರತಾಗಿ ಗಿರಾಕಿಯ ಚೀಲಕ್ಕೆ ಬೀಳುವ ಆ ಒಂದು ಹಿಡಿ ತಿಳಿವಳಿಕೆಯೇ ಈ ಕಾಲದ ಕೊಸರು.